ಶಾಲೆಯ ದಫ್ತರವೂ ಅದರ ಕಾವಲೂ: ರಾಯಬಾಗ ಸೀಮೆಯನ್ನು ಕುರಿತು ಒಂದು ವಿಚಾರ

ರಾಯಬಾಗವನ್ನು ಶಾಸನಗಳ ಹೂವಿನಬಾಗೆ ಎಂದು ವಿದ್ವಾಂಸರು ಗುರುತಿಸಿದ್ದಾರೆ. ರಟ್ಟರ ಕಾಲದಲ್ಲಿ ಈ ಸೀಮೆಯಲ್ಲಿ ಕಲ್ಲಿನ ಮೇಲೆ ಕೊರೆಯಿಸಿದ ದತ್ತಿಶಾಸನಗಳು ತಮ್ಮ ರಕ್ಷಣೆಗಾಗಿ ಎರಡು ಉಪಾಯಗಳನ್ನು ನೆಚ್ಚಿಕೊಂಡಿದ್ದವು. ಎಲ್ಲರ ಕಣ್ಣಿಗೆ ಬೀಳುವಂತೆ ನಿಲ್ಲುವುದು ಒಂದು. ಕೆಡಿಸಿದವನಿಗೆ ಶಾಪವನ್ನು ವಿಧಿಸುವುದು ಇನ್ನೊಂದು. ಊರೆಲ್ಲ ಬಲ್ಲ ಬರಹವನ್ನು ಒಬ್ಬನು ಗುಟ್ಟಾಗಿ ತಿದ್ದಲಾರನಷ್ಟೆ. ಅದೇ ಸೀಮೆಯ ಶಾಲಾಮಕ್ಕಳ ಹೆಸರು, ಜನ್ಮದಿನಾಂಕ, ಜಾತಿ, ತಂದೆತಾಯಿಗಳ ದೂರವಾಣಿಯ ಸಂಖ್ಯೆ ಇವೆಲ್ಲ ಇಂದು ಊರಿನವರು ಕಂಡರಿಯದ ಯಂತ್ರಗಳಲ್ಲಿ ಸೇರಿಕೊಂಡಿವೆ. ದಾಖಲೆಯು ಕೆಡದಂತೆ ಕಾಯುವುದು ಬೇರೆ, ಹೊರಬೀಳದಂತೆ ಕಾಯುವುದು ಬೇರೆ. ನಮ್ಮ ಆಡಳಿತವು ಮೊದಲನೆಯದನ್ನು ಬಹುಮಟ್ಟಿಗೆ ಕಲಿತಿದೆಯೆಂದೂ ಎರಡನೆಯದು ಅದಕ್ಕೆ ಇನ್ನೂ ರೂಢಿಯಾಗಿಲ್ಲವೆಂದೂ ನಾವು ಇಲ್ಲಿ ತೋರಿಸಬೇಕೆಂದಿದ್ದೇವೆ.

1949ರ ಮಾರ್ಚ್ 1ರಂದು ಕೊಲ್ಹಾಪುರ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ರಾಯಬಾಗವು ಆ ಸಂಸ್ಥಾನಕ್ಕೆ ಸೇರಿತ್ತು. ಅನಂತರ ಬೆಳಗಾವಿ ಜಿಲ್ಲೆಗೆ ಬಂದು 1956ರಲ್ಲಿ ಅಂದಿನ ಮೈಸೂರು ರಾಜ್ಯದೊಳಗೆ ಕೂಡಿತು. ಶಾಹೂ ಮಹಾರಾಜರು ತಮ್ಮ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗಿ ಮಾಡಲು 1917ರಲ್ಲಿ ಕಾಯಿದೆಯನ್ನು ತಂದರು. ಕಡ್ಡಾಯವೆಂದ ಮೇಲೆ ಯಾದಿ ಬೇಕಾಗುತ್ತದೆ; ಯಾರ ಮಗು, ಎಷ್ಟು ವಯಸ್ಸು ಎಂಬುದು ತಿಳಿಯದೆ ಬಾರದವರನ್ನು ಗುರುತಿಸುವುದೆಂತು? ಶಾಲೆಯ ದಾಖಲೆಯು ಆಡಳಿತದ ದಾಖಲೆಯಾದದ್ದು ಇಂಥ ಕಾಯಿದೆಗಳಿಂದಲೇ ಎಂದು ನಮಗೆ ತೋರುತ್ತದೆ.

ಮುಂಬಯಿ ಕರ್ನಾಟಕದ ಶಿಕ್ಷಕರಿಗೆ 'ಜನರಲ್ ರಜಿಸ್ಟರ್' ಎಂಬ ಹೆಸರು ಅಪರಿಚಿತವಲ್ಲ. ಹುಡುಗನ ಜಾತಿ, ಜನ್ಮತಿಥಿ, ಶಾಲೆಗೆ ಬಂದ ದಿನ, ಬಿಟ್ಟ ದಿನ ಎಲ್ಲವೂ ಅದರಲ್ಲಿ ಸೇರುತ್ತವೆ. ನೌಕರಿಗೂ ಮೀಸಲಾತಿಗೂ ನ್ಯಾಯಾಲಯಕ್ಕೂ ಕಡೆಗೆ ಅದೇ ಆಧಾರ. ಅದರ ಕಾವಲು ಸರಳವಾದುದು: ಒಂದೇ ಪ್ರತಿ, ಒಂದು ಕಪಾಟು, ಒಂದು ಬೀಗ. ತಿದ್ದಿದರೆ ಮಸಿಯೇ ಸಾಕ್ಷಿ ಹೇಳುತ್ತದೆ. ಮಳೆ, ಗೆದ್ದಲು, ಬೆಂಕಿ ಇವೇ ಅದರ ದೊಡ್ಡ ಶತ್ರುಗಳು. ಕದಿಯಬೇಕೆನ್ನುವವನು ಶಾಲೆಗೇ ಬಂದು ಬೀಗ ಮುರಿಯಬೇಕು. ಮುರಿದರೂ ಅವನಿಗೆ ದೊರೆಯುವುದು ಒಂದೇ ಶಾಲೆಯ ವಿವರ. ಈ ಪರಿಮಿತಿಯೂ ಒಂದು ರಕ್ಷಣೆಯಾಗಿತ್ತು. ಅದು ತಪ್ಪಿದ ಮೇಲೆಯೇ ಅದರ ಬೆಲೆ ತಿಳಿದದ್ದು.

ತಾಲ್ಲೂಕಿನ ಕಚೇರಿಗಳಿಗೆ ಗಣಕಯಂತ್ರವು ಮುಖ್ಯವಾಗಿ ಜಮೀನಿನ ದಾರಿಯಿಂದ ಬಂದಿತು. 2000ದ ಆಸುಪಾಸಿನಲ್ಲಿ ಜಾರಿಗೆ ಬಂದ 'ಭೂಮಿ' ಯೋಜನೆಯು ರಾಜ್ಯದ ಎಲ್ಲ ತಾಲ್ಲೂಕುಗಳನ್ನು ವ್ಯಾಪಿಸಿ ಸುಮಾರು 2 ಕೋಟಿ ಪಹಣಿಗಳನ್ನು ಯಂತ್ರಕ್ಕೆ ಏರಿಸಿತು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಇಲ್ಲಿ ನಾವು ಲಕ್ಷ್ಯಕ್ಕೆ ತರಬೇಕಾದ ಸಂಗತಿ ಬೇರೆ. ಬರಿಯ ಗುಪ್ತಪದವನ್ನು ನೆಚ್ಚದೆ, ದಾಖಲೆಯನ್ನು ತಿದ್ದುವ ನೌಕರನ ಬೆರಳಚ್ಚನ್ನೇ ಕೇಳುವ ಏರ್ಪಾಡನ್ನು ಆ ಯೋಜನೆಯವರು ಮಾಡಿದರು. 'ನಾನು ಮಾಡಿದ್ದಲ್ಲ, ನನ್ನ ಪಾಸ್‌ವರ್ಡು ಬೇರೆಯವರಿಗೆ ಸಿಕ್ಕಿತ್ತು' ಎಂಬ ಮಾತಿಗೆ ಆಸ್ಪದವಿರಬಾರದೆಂಬುದು ಅದರ ಉದ್ದೇಶ. ಹಳೆಯ ಮಸಿಯ ಸಾಕ್ಷಿಯನ್ನು ಹೊಸ ರೀತಿಯಲ್ಲಿ ಉಳಿಸಿಕೊಂಡಂತೆ ಇದು. ಆದರೆ ಪಹಣಿಯು ಶಾಸನದಂತೆ ಬಹಿರಂಗ ದಾಖಲೆ, ಯಾರಾದರೂ ನೋಡಬಹುದು. ಅದು ಕೆಡದಿದ್ದರೆ ಸಾಕು, ಗುಟ್ಟಾಗಿರಬೇಕಾದುದಿಲ್ಲ.

ಶಾಲೆಗಳಿಗೆ ಯಂತ್ರಗಳು ಬಂದದ್ದು ಕಲಿಸುವುದಕ್ಕಾಗಿ. ಕೇಂದ್ರ ಸರಕಾರವು 1984ರಲ್ಲಿ ತೊಡಗಿದ 'ಕ್ಲಾಸ್' ಯೋಜನೆಯು ದೇಶದ ಸುಮಾರು 250 ಶಾಲೆಗಳಿಗೆ ಇಂಗ್ಲೆಂಡಿನ ಬಿ.ಬಿ.ಸಿ. ಮೈಕ್ರೋ ಯಂತ್ರಗಳನ್ನು ಕೊಟ್ಟಿತು. ನಮ್ಮ ರಾಜ್ಯದ 'ಮಾಹಿತಿ ಸಿಂಧು' 2001ರ ಸುಮಾರಿಗೆ ಸರಕಾರಿ ಪ್ರೌಢಶಾಲೆಗಳನ್ನು ಮುಟ್ಟಿತು. ಆ ದಿನಗಳಲ್ಲಿ ಕಾವಲೆಂದರೆ ಕಿಟಕಿಗೆ ಸರಳು, ಬಾಗಿಲಿಗೆ ಬೀಗ. ಯಂತ್ರವೇ ಬೆಲೆಯುಳ್ಳದ್ದು, ಅದರೊಳಗೆ ಕದಿಯತಕ್ಕದ್ದೇನೂ ಇರಲಿಲ್ಲ. 2016-17ರ ಸುಮಾರಿಗೆ 'ಸ್ಯಾಟ್ಸ್' ಬಂದು ಒಬ್ಬೊಬ್ಬ ವಿದ್ಯಾರ್ಥಿಗೂ ಒಂದು ಸಂಖ್ಯೆಯನ್ನು ಕೊಟ್ಟಾಗ ಸ್ಥಿತಿಯು ತಲೆಕೆಳಗಾಯಿತು. ರಾಯಬಾಗ, ಅಥಣಿ, ಕಾಗವಾಡ, ನಿಪ್ಪಾಣಿಗಳ ಶಾಲೆಗಳನ್ನೊಳಗೊಂಡ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ರಜಿಸ್ಟರುಗಳೂ ರಾಜ್ಯದ ಇತರ ಎಲ್ಲ ರಜಿಸ್ಟರುಗಳೂ ಒಂದೇ ಕಪಾಟಿನಲ್ಲಿ ಕೂಡಿದಂತಾಯಿತು. ಬೀಗದ ಕೈಗಳು ಮಾತ್ರ ಸಾವಿರಾರು.

ಗುಟ್ಟನ್ನು ಕಾಯುವ ಅನುಭವವು ಶಿಕ್ಷಣ ಇಲಾಖೆಗೆ ಇಲ್ಲದಿರಲಿಲ್ಲ. ಅದು ಪ್ರಶ್ನೆಪತ್ರಿಕೆಯ ಅನುಭವ. 2016ರ ಮಾರ್ಚ್ 21ರ ದ್ವಿತೀಯ ಪಿ.ಯು.ಸಿ. ರಸಾಯನಶಾಸ್ತ್ರದ ಪತ್ರಿಕೆ ಹೊರಬಿದ್ದು, 31ರಂದು ನಡೆಯಬೇಕಾದ ಮರುಪರೀಕ್ಷೆಯ ಪತ್ರಿಕೆಯೂ ಹೊರಬಿದ್ದು, ಏಪ್ರಿಲ್ 12ರಂದು ಮಕ್ಕಳು ಕಡೆಗೂ ಪರೀಕ್ಷೆ ಬರೆದದ್ದು ಓದುಗರ ನೆನಪಿನಲ್ಲಿರಬಹುದು. ಖಜಾನೆಗಳಿಗೆ ಕ್ಯಾಮರಾಗಳ ಕಾವಲು ಬಂದದ್ದು ಅದರ ಫಲ. ಆದರೆ ಪ್ರಶ್ನೆಪತ್ರಿಕೆಯ ಗುಟ್ಟಿಗೆ ಪರೀಕ್ಷೆಯ ಗಂಟೆ ಬಾರಿಸುವವರೆಗೆ ಮಾತ್ರ ಆಯುಷ್ಯ. ಅದು ಒಡೆದರೆ ಬೇರೊಂದು ಪತ್ರಿಕೆಯನ್ನು ಬರೆಯಬಹುದು. ಮಗುವಿನ ಜನ್ಮದಿನಾಂಕವನ್ನೋ ಜಾತಿಯನ್ನೋ ಹೊಸದಾಗಿ ಬರೆಯಲು ಬಾರದು.

ಈ ಭಯ ಕಲ್ಪಿತವಲ್ಲ. ನಮ್ಮ ಪಠ್ಯಪುಸ್ತಕಗಳಲ್ಲಿಯೂ ಗುರುತುಗಳನ್ನು ಮುದ್ರಿಸಿರುವ 'ದೀಕ್ಷಾ' ವ್ಯವಸ್ಥೆಯ ಕಡತಗಳು ಕಾವಲಿಲ್ಲದ ಸರ್ವರಿನಲ್ಲಿದ್ದು, 10 ಲಕ್ಷಕ್ಕೂ ಮಿಕ್ಕ ಶಿಕ್ಷಕರ ಹಾಗೂ ಸುಮಾರು 6 ಲಕ್ಷ ವಿದ್ಯಾರ್ಥಿಗಳ ವಿವರಗಳು ಬಯಲಿಗೆ ಬಿದ್ದಿದ್ದವೆಂಬುದು 2023ರ ಜನವರಿಯಲ್ಲಿ ಪ್ರಕಟವಾಯಿತು. ಬಾಗಿಲನ್ನು ಯಾರೂ ಮುರಿದಿರಲಿಲ್ಲ. ಅದು ತೆರೆದೇ ಇತ್ತು. ಅಮೆರಿಕದ ಶಾಲೆಗಳ ದಾಖಲೆಗಳನ್ನಿಡುವ ಪವರ್‌ಸ್ಕೂಲ್ ಸಂಸ್ಥೆಯಲ್ಲಿ 2024ರ ಡಿಸೆಂಬರಿನಲ್ಲಿ ನಡೆದ ಕಳವಿಗೆ ಕದ್ದ ಪಾಸ್‌ವರ್ಡೊಂದೇ ಸಾಕಾಯಿತು. 6 ಕೋಟಿಗೂ ಹೆಚ್ಚು ವಿದ್ಯಾರ್ಥಿಗಳ ವಿವರ ತಮ್ಮ ಕೈಸೇರಿತೆಂದು ಕದ್ದ ಪಕ್ಷದವರು ಹೇಳಿಕೊಂಡರು. ಸಂಸ್ಥೆಯು ಹಣ ತೆತ್ತಿತು; ಆದರೂ 2025ರ ಮೇ ತಿಂಗಳಲ್ಲಿ ಶಾಲೆಗಳಿಗೆ ಬೆದರಿಕೆಯ ಪತ್ರಗಳು ಬಂದವು.

ಹೀಗಿರಲು ರಾಯಬಾಗದಂಥ ಊರಿನಲ್ಲಿ ಶಾಲೆಯ ಜಾಲದ ರಕ್ಷಣೆಯೆಂದರೆ ಬೆಲೆಬಾಳುವ ಉಪಕರಣಗಳ ಮಾತಲ್ಲ. ಯಂತ್ರವೋ ಸಂಪರ್ಕವೋ ಸರಿಯಿಲ್ಲದ ಶಾಲೆಯ ಗುರುಗಳು ಪೇಟೆಯ ಸೈಬರ್ ಅಂಗಡಿಯಲ್ಲಿ ಕುಳಿತು ಕೆಲಸ ಮುಗಿಸುವುದು, ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಕೊಡುವುದು ನಮ್ಮ ನಾಡಿನಲ್ಲಿ ಅಪರೂಪವೇನಲ್ಲ. ಅವರನ್ನು ದೂರುವುದು ಅನ್ಯಾಯ. ಕೆಲಸವನ್ನು ವಿಧಿಸಿದವರು ಅದಕ್ಕೆ ತಕ್ಕ ಯಂತ್ರವನ್ನೂ ವೇಳೆಯನ್ನೂ ಒದಗಿಸಬೇಕಿತ್ತು. ಮುಖ್ಯಾಧ್ಯಾಪಕರು ವರ್ಗವಾದಾಗ ರಜಿಸ್ಟರು, ಕಪಾಟು, ಬೀಗದ ಕೈಗಳನ್ನು ಎಣಿಸಿ, ಚಾರ್ಜು ಕೊಟ್ಟವರೂ ತೆಗೆದುಕೊಂಡವರೂ ಸಹಿ ಮಾಡುವ ಪದ್ಧತಿ ಹಳೆಯದು. ಆ ಯಾದಿಯಲ್ಲಿ ಇನ್ನೊಂದು ಸಾಲನ್ನು ಸೇರಿಸಲು ಖರ್ಚಿಲ್ಲ: ಇಂಥ ದಿನ ಹಳೆಯ ಪಾಸ್‌ವರ್ಡನ್ನು ಬದಲಿಸಲಾಯಿತು, ಹೊಸದನ್ನು ಬಲ್ಲವರು ಇಂಥವರು.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು 2023ರ ಆಗಸ್ಟಿನಲ್ಲಿ ಅಂಗೀಕಾರವಾಯಿತು. 18 ವರ್ಷ ತುಂಬದವರನ್ನು ಅದು ಮಕ್ಕಳೆಂದು ಎಣಿಸುತ್ತದೆ. ಸರಕಾರವು ಸವಲತ್ತುಗಳಿಗಾಗಿ ಬಳಸುವ ವಿವರಗಳಿಗೆ ಸಮ್ಮತಿಯ ವಿಷಯದಲ್ಲಿ ಸಡಿಲಿಕೆಯನ್ನು ಕೊಟ್ಟಿದ್ದರೂ ಕಾವಲಿನ ಹೊಣೆಯನ್ನೂ, ವಿವರವು ಹೊರಬಿದ್ದರೆ ಸಂಬಂಧಪಟ್ಟವರಿಗೆ ತಿಳಿಸುವ ಹೊಣೆಯನ್ನೂ ವಿಧಿಸುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳ ಜಾರಿಗೆ ಅಲ್ಲಿಂದ 18 ತಿಂಗಳ ಅವಧಿಯನ್ನು ಗೊತ್ತುಪಡಿಸಿದ್ದಾರೆ.