ಗಾಳಿ ಹೊಡೆದು ಸತ್ತ ತಾತ

"ನಮ್ ತಾತ ಗಾಳಿ ಹೊಡೆದು ಸತ್ರಂತೆ ಕಣೋ..."

ಚಿಕ್ಕಂದಿನಿಂದ ಅಜ್ಜಿಯ ಬಾಯಲ್ಲಿ ಕೇಳುತ್ತಾ ಬಂದ ಮಾತಿದು. ಅಜ್ಜಿಯ ತಾತ ಅಂದರೆ ನನಗೆ ನಾಲ್ಕು ತಲೆಮಾರು ಹಿಂದಿನವರು. ಕೋಲಾರದ ಚಿನ್ನದ ಗಣಿಯಲ್ಲಿ ಕೂಲಿಗಿದ್ದರು. ತೀರಿಕೊಂಡದ್ದು 1910ರ ಆಸುಪಾಸು. ಅಜ್ಜಿಯ ಅಪ್ಪ ಆಗಿನ್ನೂ ತೊಟ್ಟಿಲ ಕೂಸು.

ನಮ್ಮ ಕಡೆ ಗಾಳಿ ಅಂದರೆ ಗೊತ್ತಲ್ಲ, ದೆವ್ವ! ಅಮಾವಾಸ್ಯೆ ದಿನ ಹೆಂಡತಿ ಬಾಡೂಟ ಕಟ್ಟಿ ಕಳಿಸಿದ್ದಳಂತೆ. ಆ ವಾಸನೆಗೇ ಗಾಳಿ ಬಂದು ಹಿಡಿಯಿತು ಅಂತ ಊರವರು ತೀರ್ಮಾನ ಮಾಡಿಬಿಟ್ಟರು. ಆಕೆ ಸಾಯುವವರೆಗೂ ಮತ್ತೆ ಬಾಡು ಮುಟ್ಟಲಿಲ್ಲ. ಮೊಮ್ಮಕ್ಕಳಿಗೆ ತಾತನ ಹೆಸರಿಡುವುದು ನಮ್ಮಲ್ಲಿ ಪದ್ಧತಿ. ಇವರ ಹೆಸರನ್ನು ಮಾತ್ರ ಯಾರಿಗೂ ಇಡಲಿಲ್ಲ.

ಹೋದ ತಿಂಗಳು ಪ್ರಾಜೆಕ್ಟ್ ರಿಲೀಸ್ ಮುಗಿದು ಸ್ವಲ್ಪ ಬಿಡುವಾಯಿತು. ತಾತನ ಸಾವು ಎಲ್ಲಾದರೂ ದಾಖಲಾಗಿದೆಯಾ ನೋಡೋಣ ಅಂತ ಸ್ಕ್ಯಾನ್ ಆದ ಹಳೆಯ ಗಣಿ ವರದಿಗಳನ್ನು ಹಿಡಿದು ಕೂತೆ. ಇಂಗ್ಲಿಷಿನಲ್ಲಿ ಅವರ ಹೆಸರನ್ನು ಎಷ್ಟು ಥರ ಬರೆಯಬಹುದೋ ಅಷ್ಟೂ ಥರ ಹುಡುಕಿದೆ. ಉಹೂಂ, ಸಿಗಲಿಲ್ಲ :-(

ಆದರೆ ಹುಡುಕುವಾಗ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ 1904ರ ಬುಲೆಟಿನ್ ಒಂದರ ಉಲ್ಲೇಖ ಕಣ್ಣಿಗೆ ಬಿತ್ತು. ಬರೆದವರು ಡಬ್ಲ್ಯು. ಎಫ್. ಸ್ಮೀತ್. ವಿಷಯ, ಕೋಲಾರ ಗಣಿಗಳ 'ಏರ್ ಬ್ಲಾಸ್ಟ್' ಮತ್ತು ಕಂಪನಗಳು.

ಏರ್ ಬ್ಲಾಸ್ಟ್! ಗಾಳಿ ಹೊಡೆತ!! ಒಂದು ನಿಮಿಷ ಸುಮ್ಮನೆ ಕೂತುಬಿಟ್ಟೆ.

ಮುಂದೆ ಇದಕ್ಕೇ 'ರಾಕ್ ಬರ್ಸ್ಟ್' ಅನ್ನೋ ಹೆಸರು ಬಂತು. ಆಳದಲ್ಲಿ ಬಂಡೆಯ ಮೇಲೆ ವಿಪರೀತ ಒತ್ತಡ ಇರುತ್ತದೆ. ಅದಿರು ಅಗೆದು ತೆಗೆದ ಮೇಲೆ ಆ ಭಾರವೆಲ್ಲ ಸುತ್ತಲಿನ ಕಲ್ಲಿನ ಮೇಲೆ ಬೀಳುತ್ತದೆ. ತಡೆಯಲಾಗದ ಕ್ಷಣದಲ್ಲಿ ಕಲ್ಲು ಸಿಡಿಯುತ್ತದೆ, ಗಾಳಿ ರಭಸದಿಂದ ನುಗ್ಗುತ್ತದೆ, ಮೇಲಿರುವ ಮನೆಗಳೂ ಅದುರುತ್ತವೆ. ಇದನ್ನು ತಡೆಯಲು ಅಗೆದ ಜಾಗದಲ್ಲಿ ಗ್ರಾನೈಟ್ ಕಲ್ಲುಗಳನ್ನು ಒತ್ತಾಗಿ ಜೋಡಿಸಿ ಆಸರೆ ಕೊಡುತ್ತಿದ್ದರು. ಆದರೂ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಕೆಳಗಿಳಿದಾಗ ಈ ಸಿಡಿತವೂ ಜೊತೆಗೇ ಇಳಿಯಿತು. ಗಣಿಗಳು ಮುಚ್ಚಿದ್ದು 2001ರ ಫೆಬ್ರವರಿ 28ರಂದು.

ಗಣಿಯಿಂದ ಯಾರೋ ಸುದ್ದಿ ತಂದಿರಬೇಕು, "ಗಾಳಿ ಹೊಡೆದು ಹೋದ" ಅಂತ. ಗಣಿಯವರ ಮಾತಿನಲ್ಲಿ ಅದು ಅಪಘಾತ. ಊರು ತಲುಪುವಷ್ಟರಲ್ಲಿ ದೆವ್ವವಾಯಿತು! ತಾತನ ಹೆಸರಿರುವ ಕಾಗದ ಸಿಗಲಿಲ್ಲ, ನಿಜ. ಆದರೂ ಅವರ ಸಾವಿನ ಕಾರಣ ನೂರು ವರ್ಷ ನಮ್ಮ ಮನೆಯ ಮಾತಿನಲ್ಲೇ ಇತ್ತು ಅಂತ ನನಗೆ ಅನ್ನಿಸುತ್ತದೆ. ನಾವೇ ಅದನ್ನು ತಪ್ಪಾಗಿ ಓದಿಕೊಂಡೆವು.

ಅಜ್ಜಿಗೆ ಫೋನ್ ಮಾಡಿ ಎಲ್ಲ ಬಿಡಿಸಿ ಹೇಳಿದೆ. ಬಹಳ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು:

"ಹಂಗಾದ್ರೆ ನಮ್ಮಜ್ಜೀದು ಏನೂ ತಪ್ಪಿರ್ಲಿಲ್ಲ ಅನ್ನು?"

ಇಲ್ಲ ಅಜ್ಜಿ, ಏನೂ ಇರ್ಲಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಗಾಳಿ ಮಾತುಗಳಿದ್ದರೆ ಒಮ್ಮೆ ಕೆದಕಿ ನೋಡಿ.