ಬಫರ್‌ಬ್ಲೋಟ್: ಸ್ಪೀಡ್ ಇದ್ದರೂ ನೆಟ್ ಯಾಕೆ ತಡವರಿಸುತ್ತೆ?

ಬೆಳಗಾವಿಯ ಟಿಳಕವಾಡಿಯಲ್ಲಿ ರೈಲ್ವೆ ಗೇಟ್ ಬಿದ್ದರೆ ಆಂಬುಲೆನ್ಸೂ ಲಾರಿ ಹಿಂದೆಯೇ ನಿಲ್ಲಬೇಕು. ರೂಟರ್‌ನಲ್ಲೂ ಹಂಗೇ. ಖಾನಾಪುರದ ಮನೆಯಲ್ಲಿ ಅಣ್ಣ ವಿಡಿಯೊ ಅಪ್‌ಲೋಡ್‌ಗೆ ಇಟ್ಟರೆ, ತಂಗಿಯ ಆನ್‌ಲೈನ್ ಇಂಟರ್‌ವ್ಯೂ ಪ್ಯಾಕೆಟ್‌ಗಳು ಅದರ ಹಿಂದೆ ಕಾಯುತ್ತವೆ.

ಮೆಮೊರಿ ಅಗ್ಗವಾದಂತೆ ಕಂಪನಿಗಳು ಈ ಸಾಲಿನ ಜಾಗವನ್ನು, ಅಂದರೆ ಬಫರನ್ನು, ಹಿಗ್ಗಿಸುತ್ತಾ ಹೋದವು. ಸಾಮಾನ್ಯ ಟಿಸಿಪಿಗೆ ದಟ್ಟಣೆ ಗೊತ್ತಾಗೋದು ಪ್ಯಾಕೆಟ್ ಕಳೆದಾಗ. ದೊಡ್ಡ ಬಫರ್ ತುಂಬುವ ತನಕ ಅದು ವೇಗ ತಗ್ಗಿಸಲ್ಲ. ಮದ್ದು ವಿಚಿತ್ರ ಅನ್ನಿಸಬಹುದು: ಬಫರ್ ತುಂಬುವ ಮೊದಲೇ ಕೆಲವು ಪ್ಯಾಕೆಟ್ ಕೈಬಿಡಬೇಕು. 2012ರ ಕೋಡೆಲ್ ಸಾಲಿನ ಉದ್ದ ನೋಡಲ್ಲ, ಕಾಯುವ ಹೊತ್ತು ನೋಡುತ್ತೆ: 5 ಮಿಲಿಸೆಕೆಂಡ್ ಮೀರಿದ ಕಾಯುವಿಕೆ 100 ಮಿಲಿಸೆಕೆಂಡ್ ಎಳೆದರೆ ಕತ್ತರಿ. ಸುರತ್ಕಲ್‌ನ ಎನ್‌ಐಟಿಕೆ ತಂಡ ಲಿನಕ್ಸ್‌ಗೆ ಬರೆದುಕೊಟ್ಟ ಎಫ್‌ಕ್ಯೂ-ಪೈ ಸಂಪರ್ಕಗಳನ್ನು ಬೇರೆ ಬೇರೆ ಸಾಲಿಗೆ ಹಂಚುತ್ತೆ, 2020ರ 5.6 ಆವೃತ್ತಿಯಿಂದ ಅದು ಅಲ್ಲಿದೆ.

ಪ್ಲಾನ್ ಜಾಹೀರಾತಲ್ಲಿ ಕಾಣೋದು ಎಂಬಿಪಿಎಸ್ ಮಾತ್ರ. ಫಾಸ್ಟ್ ಡಾಟ್ ಕಾಮ್‌ನಲ್ಲಿ 'ಲೋಡೆಡ್' ಲೇಟೆನ್ಸಿ ನೋಡಿ, ಆ ಅಂಕಿ ಇಟ್ಟುಕೊಂಡೇ ದೂರು ಕೊಡಿ.