ಮಕ್ಕಳ ಅಳತೆಯ ಮೈದಾನ

ಅಮೆರಿಕದ ಸಣ್ಣ ಊರುಗಳಲ್ಲಿ ಬೇಸಿಗೆ ಬಂತೆಂದು ತಿಳಿಯಲು ಕ್ಯಾಲೆಂಡರ್ ನೋಡಬೇಕಾಗಿಲ್ಲ. ಶಾಲೆಗಳು ಮುಚ್ಚುತ್ತವೆ. ಬೆಳಕು ರಾತ್ರಿ ಎಂಟರವರೆಗೂ ಉಳಿಯುತ್ತದೆ. ಕೆಲಸ ಮುಗಿಸಿದ ಅಪ್ಪಂದಿರು ಮನೆಗೂ ಹೋಗದೆ ನೇರವಾಗಿ ಊರಿನ ಆಟದ ಬಯಲಿಗೆ ಬರುತ್ತಾರೆ. ಕಾರಿನ ಡಿಕ್ಕಿಯಿಂದ ಬ್ಯಾಟು, ಹೆಲ್ಮೆಟ್‌ಗಳ ಚೀಲ ಇಳಿಯುತ್ತದೆ. ಒಬ್ಬರು ಮಣ್ಣು ಸಮ ಮಾಡಿದರೆ ಮತ್ತೊಬ್ಬರು ಸುಣ್ಣದ ಗೆರೆ ಎಳೆಯುತ್ತಾರೆ. ಪಕ್ಕದ ಪುಟ್ಟ ಅಂಗಡಿಯಲ್ಲಿ ತಾಯಂದಿರು ಹಾಟ್‌ಡಾಗ್ ಬಿಸಿ ಮಾಡುತ್ತಿರುತ್ತಾರೆ. ಅದರ ಗಳಿಕೆಯಿಂದಲೇ ಲೀಗ್‌ನ ಖರ್ಚಿಗೆ ಒಂದಿಷ್ಟು ಹಣ ಹುಟ್ಟಬೇಕು. ಹತ್ತು ಹನ್ನೆರಡು ವರ್ಷದ ಮಕ್ಕಳು ಊರಿನ ಹಾರ್ಡ್‌ವೇರ್ ಅಂಗಡಿಯದೋ ದಂತವೈದ್ಯರದೋ ಹೆಸರಿರುವ ಅಂಗಿ ತೊಟ್ಟು ಮೈದಾನಕ್ಕೆ ಇಳಿಯುತ್ತಾರೆ.

ಇದು ‘ಲಿಟಲ್ ಲೀಗ್’ ಬೇಸ್‌ಬಾಲ್. ಇಲ್ಲಿನ ತರಬೇತುದಾರರಿಗೆ ಸಂಬಳವಿಲ್ಲ. ಬಹುಮಟ್ಟಿಗೆ ಅವರು ಆಡುವ ಮಕ್ಕಳ ತಂದೆ ತಾಯಿಯರೇ. ಅನಾದಿಯಿಂದ ನಡೆದುಬಂದ ಊರಹಬ್ಬದಂತೆ ಕಾಣುವ ಈ ಏರ್ಪಾಡಿಗೆ ಹುಟ್ಟಿದ ದಿನವೂ ಇದೆ, ಹುಟ್ಟಿದ ಊರೂ ಇದೆ.

56 ಬಾರಿ ‘ಇಲ್ಲ’

ಪೆನ್ಸಿಲ್ವೇನಿಯಾ ರಾಜ್ಯದ ವಿಲಿಯಮ್ಸ್‌ಪೋರ್ಟ್ 19ನೇ ಶತಮಾನದಲ್ಲಿ ಮರದ ವ್ಯಾಪಾರದಿಂದ ಸಿರಿವಂತವಾಗಿದ್ದ ಊರು. ಕಾಡು ಮುಗಿಯಿತು, ಸಿರಿಯೂ ಕರಗಿತು. 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಅಲ್ಲಿದ್ದ ಕಾರ್ಲ್ ಸ್ಟಾಟ್ಜ್ ಎಂಬ ಸಾಮಾನ್ಯ ನೌಕರ ಸಂಜೆ ಹೊತ್ತು ಸಂಬಂಧಿಕರ ಇಬ್ಬರು ಹುಡುಗರ ಜೊತೆ ಚೆಂಡಾಟ ಆಡುತ್ತಿದ್ದ. ಆಗಿನ ಹುಡುಗರು ಖಾಲಿ ನಿವೇಶನಗಳಲ್ಲಿ ತಾವೇ ಗುಂಪು ಕಟ್ಟಿಕೊಂಡು ಆಡುವುದು ರೂಢಿ. ಅಲ್ಲಿ ದೊಡ್ಡ ಹುಡುಗರದೇ ದರ್ಬಾರು. ಚಿಕ್ಕವರಿಗೆ ಚೆಂಡು ಹೆಕ್ಕಿ ಕೊಡುವ ಕೆಲಸವಷ್ಟೇ ಸಿಗುತ್ತಿತ್ತು. ದೊಡ್ಡವರ ಮೈದಾನ ಸಿಕ್ಕರೂ ಅದು ಅವರ ಕಾಲಿಗೆ, ತೋಳಿಗೆ ನಿಲುಕುತ್ತಿರಲಿಲ್ಲ.

ಬೇಸ್‌ಬಾಲ್‌ನಲ್ಲಿ ಚೆಂಡು ಹೊಡೆದ ಆಟಗಾರ ನಾಲ್ಕು ಮೂಲೆಗಳ ‘ಬೇಸ್’ಗಳನ್ನು ಸುತ್ತಿ ಬಂದರೆ ಒಂದು ರನ್. ದೊಡ್ಡವರ ಆಟದಲ್ಲಿ ಒಂದು ಬೇಸ್‌ನಿಂದ ಇನ್ನೊಂದಕ್ಕೆ 90 ಅಡಿ. ಹತ್ತು ವರ್ಷದ ಹುಡುಗ ಅಷ್ಟು ದೂರ ಓಡುವುದರಲ್ಲೇ ಸೋಲುತ್ತಾನೆ. ಆಚೆಯ ಮೂಲೆಯಿಂದ ಚೆಂಡು ಎಸೆದರೆ ಅದು ನಡುದಾರಿಯಲ್ಲೇ ಬೀಳುತ್ತದೆ. ಸ್ಟಾಟ್ಜ್ 1938ರಲ್ಲಿ ನೆರೆಹೊರೆಯ ಹುಡುಗರನ್ನು ಸೇರಿಸಿ, ಅವರನ್ನು ಓಡಿಸಿ, ಚೆಂಡು ಎಸೆಸಿ, ದೂರವನ್ನು ಹಿಗ್ಗಿಸಿ ಕುಗ್ಗಿಸಿ ನೋಡಿದ. ಕೊನೆಗೆ ನಿಂತದ್ದು 60 ಅಡಿಗೆ. ಎಸೆದ ಚೆಂಡು ಮತ್ತು ಓಡುವ ಹುಡುಗ ಹೆಚ್ಚುಕಡಿಮೆ ಒಂದೇ ಕ್ಷಣಕ್ಕೆ ಬೇಸ್ ತಲುಪುವ ಅಳತೆ ಅದು. ಆಟದ ರೋಚಕತೆ ಇರುವುದೇ ಆ ಕ್ಷಣದಲ್ಲಿ.

ಅಳತೆ ಸಿಕ್ಕಿತು, ಹಣ ಸಿಗಲಿಲ್ಲ. ಊರಿನ 56 ವ್ಯಾಪಾರಿಗಳು ‘ಇಲ್ಲ’ ಎಂದ ಮೇಲೆ ಲೈಕಮಿಂಗ್ ಡೈರಿ 30 ಡಾಲರ್ ಕೊಟ್ಟಿತೆಂಬುದು ಈ ಚರಿತ್ರೆಯ ಪ್ರಸಿದ್ಧ ಭಾಗ. ಜೊತೆಗೆ ಮರದ ವ್ಯಾಪಾರದ ಲಂಡಿ ಲಂಬರ್, ಕುರುಕಲು ತಿಂಡಿ ಮಾಡುವ ಜಂಬೋ ಪ್ರೆಟ್ಜೆಲ್ ಸೇರಿ ಮೂರು ತಂಡಗಳಾದವು. ಒಂದಕ್ಕೆ ಸ್ಟಾಟ್ಜ್, ಉಳಿದೆರಡಕ್ಕೆ ಜಾರ್ಜ್ ಮತ್ತು ಬರ್ಟ್ ಬೆಬಲ್ ಸಹೋದರರು ತರಬೇತುದಾರರಾದರು. 1939ರ ಜೂನ್ 6ರಂದು ನಡೆದ ಮೊದಲ ಪಂದ್ಯದಲ್ಲಿ ಲಂಡಿ ಲಂಬರ್ 23-8ರಿಂದ ಲೈಕಮಿಂಗ್ ಡೈರಿಯನ್ನು ಸೋಲಿಸಿತು.

ಹಿರಿಯರ ಜಗಳ, ಕಿರಿಯರ ಪಾಡು

ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ಆಟ ಊರಿಂದೂರಿಗೆ ಹಬ್ಬಿತು. 1947ರಲ್ಲಿ ವಿಲಿಯಮ್ಸ್‌ಪೋರ್ಟ್‌ನಲ್ಲಿ ಮೊದಲ ದೊಡ್ಡ ಟೂರ್ನಿ ನಡೆಯಿತು. ಮರುವರ್ಷ ಯು.ಎಸ್. ರಬ್ಬರ್ ಕಂಪೆನಿ ಪ್ರಾಯೋಜಕನಾಗಿ ಬಂತು. ಹಣದ ಹಿಂದೆ ಆಡಳಿತವೂ ಬಂತು. ಸಂಸ್ಥೆ ವ್ಯಾಪಾರದ ದಾರಿ ಹಿಡಿಯುತ್ತಿದೆ ಎಂದು ಸ್ಟಾಟ್ಜ್ ತಕರಾರು ತೆಗೆದ. ವಿಷಯ ನ್ಯಾಯಾಲಯದವರೆಗೂ ಹೋಗಿ, 1950ರ ದಶಕದ ನಡುವಿನಲ್ಲಿ ಆತ ತಾನೇ ಹುಟ್ಟುಹಾಕಿದ ಸಂಸ್ಥೆಯಿಂದ ಹೊರಬಿದ್ದ. ಆಮೇಲೂ ತನ್ನ ಊರಿನಲ್ಲಿ ‘ಒರಿಜಿನಲ್ ಲೀಗ್’ ಎಂದು ಬೇರೆಯಾಗಿಯೇ ಮಕ್ಕಳನ್ನು ಆಡಿಸಿದ. ಸ್ಟಾಟ್ಜ್ ತೀರಿಕೊಂಡದ್ದು 1992ರಲ್ಲಿ.

ದೊಡ್ಡವರ ಲೋಕದ ಗೋಡೆಗಳೂ ಮೈದಾನದೊಳಕ್ಕೆ ಬಂದವು. 1955ರಲ್ಲಿ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನ ಕ್ಯಾನನ್ ಸ್ಟ್ರೀಟ್ ವೈಎಂಸಿಎ ತಂಡದಲ್ಲಿದ್ದವರೆಲ್ಲ ಕಪ್ಪು ಮಕ್ಕಳು. ಅವರೊಡನೆ ಆಡಲೊಲ್ಲದೆ ಬಿಳಿಯರ ತಂಡಗಳು ಟೂರ್ನಿಯಿಂದಲೇ ಹಿಂದೆ ಸರಿದವು. ಎದುರಾಳಿ ಇಲ್ಲದೆ ಗೆದ್ದವರು ಮುಂದಿನ ಸುತ್ತಿಗೆ ಅರ್ಹರಲ್ಲ ಎಂದು ನಿಯಮದ ಪುಸ್ತಕ ಹೇಳಿತು. ಆ ಹುಡುಗರನ್ನು ವಿಲಿಯಮ್ಸ್‌ಪೋರ್ಟ್‌ಗೆ ಅತಿಥಿಗಳಾಗಿ ಕರೆಸಲಾಯಿತು. ಅವರು ಅಭ್ಯಾಸ ಮಾಡುವುದನ್ನು ಕಂಡ ಪ್ರೇಕ್ಷಕರು ‘ಆಡಲು ಬಿಡಿ’ ಎಂದು ಕೂಗಿದರು. ಬಿಡಲಿಲ್ಲ. ಹುಡುಗರು ಬೇರೆಯವರ ಪಂದ್ಯ ನೋಡಿ ಊರಿಗೆ ಮರಳಿದರು. ರಾಜ್ಯ ಚಾಂಪಿಯನ್ನರ ಪತಾಕೆ ಅವರ ಕೈಸೇರಿದ್ದು 2002ರಲ್ಲಿ, ಅವರೆಲ್ಲ ನಡುವಯಸ್ಸು ದಾಟಿದ ಮೇಲೆ.

ಹುಡುಗಿಯರ ಕಥೆಯೂ ಹೀಗೆಯೇ. 1950ರಲ್ಲಿ ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್‌ನಲ್ಲಿ ಕ್ಯಾಥರಿನ್ ಜಾನ್ಸ್‌ಟನ್ ಎಂಬ ಬಾಲಕಿ ಹುಡುಗನ ವೇಷದಲ್ಲಿ ತಂಡ ಸೇರಿದಳು. ಮರುವರ್ಷ ಹುಡುಗಿಯರಿಗೆ ಪ್ರವೇಶವಿಲ್ಲವೆಂಬ ನಿಯಮವೇ ಬಂತು. 1972ರಲ್ಲಿ ನ್ಯೂಜೆರ್ಸಿಯ ಹೊಬೊಕೆನ್‌ನಲ್ಲಿ ಮರಿಯಾ ಪೆಪೆ ಮೂರು ಪಂದ್ಯ ಆಡುವಷ್ಟರಲ್ಲಿ, ಆಕೆಯನ್ನು ಬಿಡದಿದ್ದರೆ ಊರಿನ ಲೀಗ್‌ನ ಮಾನ್ಯತೆಯೇ ರದ್ದಾಗುತ್ತದೆಂಬ ಬೆದರಿಕೆ ಬಂತು. ಮಹಿಳಾ ಸಂಘಟನೆ ದೂರು ಕೊಟ್ಟಿತು, ಗೆದ್ದಿತು. 1974ರಲ್ಲಿ ಸಂಸ್ಥೆ ಹುಡುಗಿಯರಿಗೆ ಬಾಗಿಲು ತೆರೆಯಿತು. ಅಷ್ಟು ಹೊತ್ತಿಗೆ ಮರಿಯಾಗೆ ಆಡುವ ವಯಸ್ಸು ಮೀರಿತ್ತು.

ಗೆಲ್ಲುವ ಹಟ ಎಲ್ಲಿಗೆ ಮುಟ್ಟಿತೆಂದರೆ, ತೈವಾನಿನ ಮಕ್ಕಳು 1971ರಿಂದ 1974ರವರೆಗೆ ಸತತವಾಗಿ ವಿಶ್ವ ಟೂರ್ನಿ ಗೆದ್ದಾಗ 1975ರಲ್ಲಿ ವಿದೇಶಿ ತಂಡಗಳನ್ನೇ ಹೊರಗಿಡಲಾಯಿತು. ಟೀಕೆ ಕೇಳಿಬಂತು, ಮುಂದಿನ ವರ್ಷ ಅವು ಮರಳಿ ಬಂದವು.

ಅಪ್ಪನೇ ಕೋಚ್ ಆದಾಗ

ಇವೆಲ್ಲ ದೊಡ್ಡ ವೇದಿಕೆಯ ಘಟನೆಗಳು. ಸಣ್ಣ ಊರಿನಲ್ಲಿ ಇದೇ ಎಳೆದಾಟ ಪ್ರತಿ ಸಂಜೆ ನಡೆಯುತ್ತದೆ. ಅಪ್ಪ ಕೋಚ್ ಆದರೆ ಒಳ್ಳೆಯ ಜಾಗ ಮಗನಿಗೇ ಎಂಬ ಗೊಣಗಾಟಕ್ಕೆ ಅಮೆರಿಕದಲ್ಲಿ ‘ಡ್ಯಾಡಿ ಬಾಲ್’ ಎಂಬ ಹೆಸರೇ ಇದೆ. ಕೋಚ್ ಮಾತ್ರ ಮರುದಿನ ಅದೇ ಕಿರಾಣಿ ಅಂಗಡಿಯಲ್ಲಿ, ಅದೇ ಚರ್ಚಿನಲ್ಲಿ ಆ ಮಕ್ಕಳ ತಂದೆ ತಾಯಿಯರ ಮುಖ ನೋಡಬೇಕು. ಜೂನ್‌ನಲ್ಲಿ ಊರಿನ ಆಯ್ದ ತಂಡ ಪ್ರಕಟವಾಗುವಾಗಲಂತೂ ವರ್ಷಗಳ ಸ್ನೇಹಗಳೂ ಹುಳಿಯಾಗುವುದುಂಟು.

ಆಟದ ನಿಯಮಗಳಲ್ಲಿ ಹಲವು ಹುಟ್ಟಿದ್ದು ಹಿರಿಯರ ಹಟಕ್ಕೆ ಬೇಲಿ ಹಾಕಲೆಂದೇ. ಎಷ್ಟೇ ಕಚ್ಚಾ ಆಟಗಾರನಾದರೂ ಪ್ರತಿ ಪಂದ್ಯದಲ್ಲೂ ಅವನಿಗೆ ಬ್ಯಾಟು ಹಿಡಿಯುವ, ಮೈದಾನದಲ್ಲಿ ನಿಲ್ಲುವ ಕನಿಷ್ಠ ಅವಕಾಶ ಸಿಗಲೇಬೇಕು. ಇನ್ನೊಂದು ಬೇಲಿ ಚೆಂಡು ಎಸೆಯುವ ಹುಡುಗನ, ಅಂದರೆ ಪಿಚರ್‌ನ, ತೋಳಿನದು. ಬೇಸ್‌ಬಾಲ್‌ನಲ್ಲಿ ಕ್ರಿಕೆಟ್ಟಿನಂತೆ ಓವರಿಗೊಬ್ಬ ಬದಲಾಗುವುದಿಲ್ಲ. ಒಬ್ಬನೇ ಎಸೆಯುತ್ತಾ ಹೋಗಬಹುದು. ಬೆಳೆಯುವ ಮೂಳೆಗೆ, ಮೊಣಕೈಗೆ ಇದು ಅಪಾಯ. 2007ರಿಂದ ಎಸೆತಗಳನ್ನೇ ಎಣಿಸುವ ನಿಯಮ ಬಂತು. 11-12 ವಯಸ್ಸಿನವರಿಗೆ ದಿನಕ್ಕೆ 85, 9-10ರವರಿಗೆ 75. 66 ಅಥವಾ ಅದಕ್ಕಿಂತ ಹೆಚ್ಚಾದರೆ ನಾಲ್ಕು ದಿನ ವಿಶ್ರಾಂತಿ.

ಲೆಕ್ಕ ಸುಲಭ, ಪಾಲನೆ ಕಷ್ಟ. ಪಂದ್ಯ ಕೊನೆಯ ಘಟ್ಟದಲ್ಲಿದೆ, ಒಂದೇ ರನ್ನಿನ ಅಂತರ, ಊರೇ ಕಟಾಂಜನಕ್ಕೆ ಆತುಕೊಂಡಿದೆ. ಚೆನ್ನಾಗಿ ಎಸೆಯುತ್ತಿರುವ ಹುಡುಗನನ್ನು ಕೋಚ್ ಆಗ ಹೊರಗೆ ಕರೆಯಬೇಕು. ಅವನ ಜಾಗಕ್ಕೆ ಬರುವವನು ಕೈ ನಡುಗುತ್ತಿರುವ ಇನ್ನೊಬ್ಬ. ಸೋತರೆ ಬೈಗುಳ ಖಚಿತ. ನಿಯಮ ಪಾಲಿಸಿದರೂ ಕೆಲವು ಮಕ್ಕಳು ಬೇಸಿಗೆಯಲ್ಲಿ ಹಣ ಕೊಟ್ಟು ಸೇರಿದ ಖಾಸಗಿ ತಂಡಗಳಲ್ಲೂ ಎಸೆಯುತ್ತಾರೆ. ಅಲ್ಲಿನ ಎಸೆತಗಳನ್ನು ಸೇರಿಸಿ ಎಣಿಸುವ ಹೊಣೆ ಮನೆಯವರ ಮೇಲೆ ಬೀಳುತ್ತದೆ.

ಲಿಟಲ್ ಲೀಗ್ ಈಗ 80ಕ್ಕೂ ಹೆಚ್ಚು ದೇಶಗಳಲ್ಲಿದೆ. ವಿಲಿಯಮ್ಸ್‌ಪೋರ್ಟ್‌ನ ಆಗಸ್ಟ್ ಟೂರ್ನಿಯನ್ನು ಟಿ.ವಿ.ಯಲ್ಲಿ ಲಕ್ಷಾಂತರ ಜನ ನೋಡುತ್ತಾರೆ. ಅಲ್ಲಿಗೆ ತಲುಪುವ ಮಕ್ಕಳು ಬೆರಳೆಣಿಕೆಯಷ್ಟು. ಉಳಿದವರ ಆಟ ಜೂನ್, ಜುಲೈ ಹೊತ್ತಿಗೆ ಊರಿನ ಬಯಲಿನಲ್ಲೇ ಮುಗಿಯುತ್ತದೆ. ಸ್ಟಾಟ್ಜ್ ನಿಗದಿ ಮಾಡಿದ 60 ಅಡಿ ಇವತ್ತಿಗೂ ಬದಲಾಗಿಲ್ಲ. ನೆಲವನ್ನು ಮಕ್ಕಳಿಗೆ ತಕ್ಕಂತೆ ಒಮ್ಮೆ ಅಳೆದರೆ ಸಾಕಾಯಿತು. ಹಿರಿಯರು ತಮ್ಮ ಆಸೆಯನ್ನು ಮಾತ್ರ ಪ್ರತಿ ಬೇಸಿಗೆಯಲ್ಲೂ ಹೊಸದಾಗಿ ಅಳೆದುಕೊಳ್ಳಬೇಕಾಗುತ್ತದೆ.